ಮುಂದಿನ ಕಾರು ಕದಿಯುವ ಗಾಳಿ

ಹಿಂದಿನ ಚಾಲಕ ಸ್ಟೀರಿಂಗ್ ಮೇಲಿನ ಗುಂಡಿ ಒತ್ತುತ್ತಾನೆ. ಅವನ ಕಾರಿನ ಹಿಂಬದಿ ರೆಕ್ಕೆಯ ಮೇಲ್ಪಟ್ಟಿ ಕಿಟಕಿಯ ಕದದಂತೆ ತೆರೆದುಕೊಳ್ಳುತ್ತದೆ. ಗಾಳಿಯ ತಡೆ ಇಳಿದು, ವೇಗ ಗಂಟೆಗೆ ಸುಮಾರು 10-12 ಕಿಲೋಮೀಟರ್ ಏರುತ್ತದೆ. ಮುಂದೆ ಒಂಟಿಯಾಗಿ ಓಡುತ್ತಿರುವವನಿಗೆ ಆ ಗುಂಡಿ ಒತ್ತುವ ಹಕ್ಕಿಲ್ಲ. ತಿರುವು ಬರುವ ಮೊದಲೇ, ನೇರ ದಾರಿಯ ನಡುವೆಯೇ, ಅವನನ್ನು ದಾಟಿ ಆಗಿರುತ್ತದೆ.

2011ರಿಂದ 2025ರವರೆಗೆ ಫಾರ್ಮುಲಾ ಒನ್ ನೋಡಿದವರಿಗೆ ಇದು ಚಿರಪರಿಚಿತ. ಹೆಸರು ಡಿಆರ್‌ಎಸ್, ಅಂದರೆ ಗಾಳಿಯ ತಡೆ ತಗ್ಗಿಸುವ ವ್ಯವಸ್ಥೆ; ಕ್ರಿಕೆಟ್ಟಿನ ಡಿಆರ್‌ಎಸ್ ಬೇರೆ. ಗುರುತು ಮಾಡಿದ ಜಾಗದಲ್ಲಿ ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಹಿಂದಿದ್ದವನಿಗೆ ಮಾತ್ರ ಸಿಗುವ ಸವಲತ್ತು ಅದು. ಇದು ಬಂದ ಮೇಲೆ ಓವರ್‌ಟೇಕ್‌ಗಳು ಹೆಚ್ಚಾದವು, ಆದ್ದರಿಂದ ರೇಸು ರೋಚಕವಾಯಿತು ಎಂದು ವಾದಿಸುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ದಾಟಲು ಹೊರಟವನು ಸೋಲಬಹುದು ಎಂಬ ಭಯವಿದ್ದರೆ ತಾನೇ ನೋಡುವವನ ಎದೆ ಹೊಡೆದುಕೊಳ್ಳುವುದು?

ಹಾಗಾದರೆ ಈ ಗುಂಡಿ ಯಾಕೆ ಬೇಕಾಯಿತು? ಉತ್ತರ ಗಾಳಿಯಲ್ಲಿದೆ.

ತುಮಕೂರಿನಿಂದ ಶಿರಾ ಕಡೆಗೆ ಬೈಕಿನಲ್ಲಿ ಹೋಗುವಾಗೊಮ್ಮೆ ದೊಡ್ಡ ಕಂಟೇನರ್ ಲಾರಿಯ ಹಿಂದೆ ಬಿದ್ದೆ. ಅಲ್ಲಿಯವರೆಗೆ ಹೆಲ್ಮೆಟ್ಟಿಗೆ ಅಪ್ಪಳಿಸುತ್ತಿದ್ದ ಗಾಳಿ ಥಟ್ಟನೆ ನಿಂತಿತು. ಬೈಕು ಹಗುರಾಯಿತು, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೂ ವೇಗ ಇಳಿಯಲಿಲ್ಲ. ದಾಟೋಣವೆಂದು ಬಲಕ್ಕೆ ಸರಿದೆನೋ ಇಲ್ಲವೋ, ಗಾಳಿ ಹೆಗಲಿಗೆ ಗುದ್ದಿ ಹ್ಯಾಂಡಲ್ ಅಲುಗಾಡಿತು. ಯಾರೂ ಇದನ್ನು ಪರೀಕ್ಷಿಸಲು ಹೋಗಬೇಡಿ, ಅಪಾಯ. ಆದರೆ ಫಾರ್ಮುಲಾ ಒನ್ನಿನ ಅರ್ಧ ಸಮಸ್ಯೆ ಆ ಒಂದು ಕ್ಷಣದಲ್ಲಿದೆ. ಮುಂದಿನ ವಾಹನ ಗಾಳಿಯನ್ನು ತನ್ನ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಹಿಂದೆ ಸುಳಿಗಳನ್ನು ಬಿಟ್ಟು ಹೋಗುತ್ತದೆ. ನೇರ ದಾರಿಯಲ್ಲಿ ಇದು ವರ. ತಿರುವಿನಲ್ಲಿ ಇದೇ ಶಾಪ.

ರೇಸ್ ಕಾರಿನ ರೆಕ್ಕೆ ವಿಮಾನದ ರೆಕ್ಕೆಯನ್ನು ತಲೆಕೆಳಗೆ ಮಾಡಿದಂತೆ. ಎತ್ತುವ ಬದಲು ನೆಲಕ್ಕೆ ಒತ್ತುತ್ತದೆ. ಇದೇ ಡೌನ್‌ಫೋರ್ಸ್. ಚಾಲಕನೂ ಸೇರಿ 800 ಕಿಲೋ ಆಸುಪಾಸಿನ ಕಾರು ವೇಗ ಏರಿದಾಗ ತನ್ನ ತೂಕವನ್ನೂ ಮೀರಿದ ಬಲದಲ್ಲಿ ರಸ್ತೆಗೆ ಅಂಟಿಕೊಳ್ಳುತ್ತದೆ. ಗಾಳಿಯ ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಗಾಳಿಪಟ ಹಾರಿಸಿದವರನ್ನು ಕೇಳಿ: ಗಾಳಿಗೆದುರಾಗಿ ಓಡಿದರೆ ಪಟ ಏರುತ್ತದೆ, ಗಾಳಿ ಬೀಸುವತ್ತಲೇ ಓಡಿದರೆ ತೂಗಾಡಿ ಬೀಳುತ್ತದೆ. ಹಿಂಬಾಲಿಸುವ ಕಾರಿನ ರೆಕ್ಕೆಗೂ ಇದೇ ಗತಿ. ಗಾಳಿ ಆಗಲೇ ಅದು ಹೋಗುವ ದಿಕ್ಕಿಗೇ ಸಾಗುತ್ತಿರುತ್ತದೆ. ಸಾಲದ್ದಕ್ಕೆ ಅದು ಕಲಕಿದ ಗಾಳಿ. ಕಣದಲ್ಲಿ ರಾಶಿ ತೂರುವ ರೈತ ಒಂದೇ ಸಮನೆ ಬೀಸುವ ಗಾಳಿಗಾಗಿ ಕಾಯುತ್ತಾನೆ. ಸುಳಿಗಾಳಿ ಎದ್ದರೆ ಮೊರ ಕೆಳಗಿಡುತ್ತಾನೆ, ಇಲ್ಲವಾದರೆ ಹೊಟ್ಟೆಲ್ಲ ಕಾಳಿನ ಮೇಲೇ ಬೀಳುತ್ತದೆ. ಕಾರಿನ ರೆಕ್ಕೆಗೆ ಕಾಯುವ ಪುರಸೊತ್ತಿಲ್ಲ. ಹಿಡಿತ ತಪ್ಪಿ ಟೈರು ಜಾರುತ್ತದೆ, ಜಾರಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಜಾರುತ್ತದೆ. ತಿರುವಿನಿಂದ ಹೊರಬರುವ ಹೊತ್ತಿಗೆ ಹಿಂದಿನವ ಎಷ್ಟು ದೂರ ಉಳಿದಿರುತ್ತಾನೆಂದರೆ, ನೇರ ದಾರಿಯ ವರ ಅವನ ಕೈಗೆಟುಕುವುದೇ ಇಲ್ಲ.

2010ರ ಕೊನೆಯ ರೇಸು ನಡೆದ ಅಬುಧಾಬಿಯಲ್ಲಿ ಫರ್ನಾಂಡೊ ಅಲೊನ್ಸೊ ಈ ಗಾಳಿಗೇ ಚಾಂಪಿಯನ್ ಪಟ್ಟ ತೆತ್ತರು ಎಂದರೂ ತಪ್ಪಿಲ್ಲ. ಅಂಕಪಟ್ಟಿಯಲ್ಲಿ ಮೊದಲಿಗರಾಗಿ ಬಂದವರು ಸುಮಾರು 40 ಸುತ್ತು ವಿಟಾಲಿ ಪೆಟ್ರೋವ್ ಕಾರಿನ ಹಿಂದೆಯೇ ಉಳಿದರು. ಪಟ್ಟ ನಾಲ್ಕು ಅಂಕದಿಂದ ಸೆಬಾಸ್ಟಿಯನ್ ವೆಟ್ಟೆಲ್ ಪಾಲಾಯಿತು. ಮರುವರ್ಷ ಡಿಆರ್‌ಎಸ್ ಬಂತು. ಗಾಳಿ ಕಸಿದದ್ದನ್ನು ಸ್ವಲ್ಪವಾದರೂ ಹಿಂದಿರುಗಿಸುವ ಊರುಗೋಲು ಅದು, ಒಪ್ಪುತ್ತೇನೆ. ಆದರೆ ಊರುಗೋಲು ಕೊಟ್ಟವರು ಮುರಿದ ಕಾಲಿಗೆ ಚಿಕಿತ್ಸೆ ಕೊಡಲು ಹನ್ನೊಂದು ವರ್ಷ ತಡ ಮಾಡಿದರು.

ಈ ನಡುವೆ ಬಂದ ಉಪಾಯಗಳು ಒಂದೆರಡಲ್ಲ. ಟ್ರ್ಯಾಕಿಗೆ ಕೃತಕ ಮಳೆ ಸುರಿಸೋಣ ಎಂದು ಆಗ ಫಾರ್ಮುಲಾ ಒನ್ ನಡೆಸುತ್ತಿದ್ದ ಬರ್ನಿ ಎಕ್ಲೆಸ್ಟೋನ್ 2011ರಲ್ಲಿ ಹೇಳಿದರು. 2014ರಲ್ಲಿ ಕೊನೆಯ ರೇಸಿಗೆ ದುಪ್ಪಟ್ಟು ಅಂಕ ಕೊಟ್ಟು, ಮರುವರ್ಷವೇ ಕೈಬಿಟ್ಟರು. 2014ರಲ್ಲೇ ಹುಟ್ಟಿದ, ವಿದ್ಯುತ್ ಕಾರುಗಳ ರೇಸಾದ ಫಾರ್ಮುಲಾ ಇ ಅಭಿಮಾನಿಗಳ ಮತ ಗೆದ್ದ ಚಾಲಕರಿಗೆ ಹೆಚ್ಚುವರಿ ಶಕ್ತಿ ಕೊಡುತ್ತಿತ್ತು. ಜನಪ್ರಿಯತೆಯಿಂದ ಕಾರು ಓಡಿಸುವ ಈ ಪದ್ಧತಿ 2022ರವರೆಗೂ ಉಳಿದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಒಮ್ಮೆ 1971ರ ಮೊಂಜಾ ನೋಡಿ. ಇಟಲಿಯ ಆ ಟ್ರ್ಯಾಕಿನಲ್ಲಿ ಆಗ ವೇಗ ತಗ್ಗಿಸುವ ಚಿಕೇನ್ ತಿರುವುಗಳಿರಲಿಲ್ಲ. ಒಬ್ಬರ ಗಾಳಿನೆರಳಿನಲ್ಲಿ ಇನ್ನೊಬ್ಬರು ಎಳೆದುಕೊಂಡು ಬಂದು, ಗೆದ್ದ ಪೀಟರ್ ಗೆಥಿನ್ ಮತ್ತು ಎರಡನೆಯವರಾದ ರಾನಿ ಪೀಟರ್ಸನ್ ನಡುವೆ ಉಳಿದದ್ದು ಸೆಕೆಂಡಿನ ನೂರನೇ ಒಂದು ಭಾಗ. ಮೊದಲ ಐವರೂ 0.61 ಸೆಕೆಂಡಿನೊಳಗೆ. ಅಲ್ಲೂ ಹಿಂದಿನವನಿಗೆ ಅನುಕೂಲವಿತ್ತು ನಿಜ, ಆದರೆ ಯಾರೂ ಗುಂಡಿ ಕೊಟ್ಟಿರಲಿಲ್ಲ. ಕೊನೆಯ ತಿರುವಿಗೆ ಎಷ್ಟನೆಯವನಾಗಿ ಬರಬೇಕು ಎಂಬ ಲೆಕ್ಕ ಚಾಲಕನದೇ.

ಇನ್ನು 1979ರಲ್ಲಿ ಫ್ರಾನ್ಸಿನ ಡಿಜೊನ್. ಜಿಲ್ ವಿಲ್ನೋವ್ ಮತ್ತು ರೆನೆ ಆರ್ನೂ ಕೊನೆಯ ಸುತ್ತುಗಳಲ್ಲಿ ಚಕ್ರಕ್ಕೆ ಚಕ್ರ ತಾಗಿಸುತ್ತಾ, ರಸ್ತೆಯಿಂದ ಹೊರಜಾರುತ್ತಾ, ಮತ್ತೆ ಮತ್ತೆ ಒಬ್ಬರನ್ನೊಬ್ಬರು ದಾಟಿದರು. ಇಷ್ಟೆಲ್ಲ ಎರಡನೇ ಸ್ಥಾನಕ್ಕೆ! ಅಂದು ಗೆದ್ದವರು ಜಾನ್ ಪಿಯರ್ ಜಬೂಯಿ, ಟರ್ಬೊ ಎಂಜಿನ್ನಿನ ಮೊದಲ ಗೆಲುವು ಅದು. ಆದರೂ ಜನ ನೆನೆಯುವುದು ಆ ಇಬ್ಬರನ್ನೇ. ಆ ಕಾಲದ ಕಾರುಗಳು ಡೌನ್‌ಫೋರ್ಸಿನ ಒಳ್ಳೆಯ ಪಾಲನ್ನು ರೆಕ್ಕೆಯಿಂದಲ್ಲ, ಕಾರಿನ ಅಡಿಯಲ್ಲಿ ಕಿರಿದಾಗಿ ಹಿಗ್ಗುವ ಸುರಂಗದಿಂದ ಪಡೆಯುತ್ತಿದ್ದವು. ಮುಂದಿನ ಕಾರು ಗಾಳಿ ಕಲಕಿದರೂ ಅಡಿಯ ಹೀರುವಿಕೆ ಅಷ್ಟಾಗಿ ಕೆಡುವುದಿಲ್ಲ.

ಸುರಕ್ಷತೆಯ ಕಾರಣಕ್ಕೆ 1983ರಿಂದ ಕಾರಿನ ತಳ ಚಪ್ಪಟೆಯಾಗಿರಬೇಕೆಂಬ ನಿಯಮ ಬಂತು. 2022ರಲ್ಲಿ ಆ ಸುರಂಗಗಳು ಮರಳಿದವು; ತಡವಾಗಿ ಬಂದ ಚಿಕಿತ್ಸೆ ಅದೇ. ಫಾರ್ಮುಲಾ ಒನ್ ಕೊಟ್ಟ ಲೆಕ್ಕದ ಪ್ರಕಾರ, ಹಳೆಯ ಕಾರು 20 ಮೀಟರ್ ಹಿಂದಿದ್ದಾಗ ಶೇ. 35ರಷ್ಟು ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು. ಹೊಸ ವಿನ್ಯಾಸದಲ್ಲಿ ಅದು ಬರೀ ಶೇ. 4. ತಂಡಗಳು ನಂತರದ ವರ್ಷಗಳಲ್ಲಿ ಗಾಳಿಯನ್ನು ಪಕ್ಕಕ್ಕೆ ತಳ್ಳುವ ಉಪಾಯ ಕಂಡುಕೊಂಡು ಈ ಲಾಭವನ್ನು ಸವೆಸಿದವು.

2026ರಿಂದ ಡಿಆರ್‌ಎಸ್ ಇಲ್ಲ. ನೇರ ದಾರಿಯಲ್ಲಿ ಎಲ್ಲರ ರೆಕ್ಕೆಯೂ ತೆರೆಯುತ್ತದೆ. ಆದರೆ ಒಂದು ಸೆಕೆಂಡಿನೊಳಗೆ ಹಿಂಬಾಲಿಸುವವನಿಗೆ ಬ್ಯಾಟರಿಯಿಂದ ಹೆಚ್ಚುವರಿ ಶಕ್ತಿ ಸಿಗುತ್ತದೆ. ಗುಂಡಿ ರೆಕ್ಕೆಯಿಂದ ಬ್ಯಾಟರಿಗೆ ಸರಿದಿದೆ. ಹಾಗಾಗಿ ನಾನು ರೇಸು ನೋಡುವಾಗ ನೇರ ದಾರಿಗೆ ಕಣ್ಣು ಕೊಡುವುದಿಲ್ಲ. ಅದಕ್ಕೂ ಮುಂಚಿನ ವೇಗದ ತಿರುವಿನಲ್ಲಿ ಹಿಂದಿನ ಕಾರು ಎಷ್ಟು ಹತ್ತಿರ ಉಳಿಯಿತು, ಅದರ ಮೂತಿ ಹೊರಗೆ ಜಾರಿತೋ ಇಲ್ಲವೋ ಎಂದು ನೋಡುತ್ತೇನೆ.