ನೋವು ಇಳಿದರೆ ಕಾಯಿಲೆಯೂ ಇಳಿದಂತಾ? ಸಂಧಿವಾತ, ಗಾಂಜಾ ಮತ್ತು ಡಾಸ್28

ವೈದ್ಯಕೀಯ ಗಾಂಜಾ ಮತ್ತು ಕೀಲುವಾತದ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಓದುತ್ತಾ ಒಂದೇ ಜಾಗದಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಿಮಗೂ ಅಲ್ಲೇ ತೊಡಕಾಗಬಹುದು.

ಮೊದಲು ಬೇಗ ಮುಗಿಯುವ ಭಾಗ. ಗಾಂಜಾದಲ್ಲಿ ನಮಗೆ ಮುಖ್ಯವಾದದ್ದು ಎರಡು ರಾಸಾಯನಿಕಗಳು: ಟಿಎಚ್‌ಸಿ, ಸಿಬಿಡಿ. ಅಮಲು ಬರುವುದು ಟಿಎಚ್‌ಸಿಯಿಂದ. ಅದು ಜೀವಕೋಶಗಳ ಮೇಲೆ ಸಂಕೇತ ಹಿಡಿಯುವ ಸಿಬಿ1, ಸಿಬಿ2 ಎಂಬ ರಿಸೆಪ್ಟರ್‌ಗಳ ಮೇಲೆ ಹೋಗಿ ಕೂರುತ್ತದೆ. ಸಿಬಿ1 ಹೆಚ್ಚಾಗಿ ಮೆದುಳು ಮತ್ತು ನರಗಳಲ್ಲಿ, ಸಿಬಿ2 ಹೆಚ್ಚಾಗಿ ರೋಗನಿರೋಧಕ ಕಣಗಳಲ್ಲಿ. ಇದೇ ಜಾಗದಲ್ಲಿ ಕೂರುವ ಒಂದು ವಸ್ತುವನ್ನು ನಮ್ಮ ದೇಹವೂ ತಯಾರಿಸುತ್ತದೆ. 1992ರಲ್ಲಿ ಅದನ್ನು ಕಂಡುಹಿಡಿದವರು ಇಟ್ಟ ಹೆಸರು ಆನಂದಮೈಡ್. ನಮ್ಮ 'ಆನಂದ'ವೇ ಅದು, ಹಾಗಾಗಿ ಪರೀಕ್ಷೆಯಲ್ಲಿ ಮರೆಯುವ ಭಯವಿಲ್ಲ.

ಸಿಬಿ2 ರೋಗನಿರೋಧಕ ಕಣಗಳ ಮೇಲಿದೆ ಎಂದು ಓದಿದ ಕೂಡಲೇ, ಹಾಗಾದರೆ ಗಾಂಜಾ ಕೀಲಿನ ಉರಿಯೂತವನ್ನೇ ಇಳಿಸುತ್ತದೆ ಅಂದುಕೊಂಡೆ. ಆಮೇಲೆ ಓದಿದ ಟ್ರಯಲ್ ಆ ನಂಬಿಕೆಯನ್ನು ಇನ್ನೂ ಗಟ್ಟಿ ಮಾಡಿತು. ಬ್ರಿಟನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದದ್ದು. ರುಮಟಾಯ್ಡ್ ಆರ್ಥ್ರೈಟಿಸ್ (ರೋಗನಿರೋಧಕ ವ್ಯವಸ್ಥೆಯೇ ಕೀಲುಗಳಿಗೆ ಉರಿಯೂತ ತರುವ ಕೀಲುವಾತ) ಇರುವ 58 ಜನ, 5 ವಾರ. ಔಷಧ ಸ್ಯಾಟಿವೆಕ್ಸ್, ಅಂದರೆ ಟಿಎಚ್‌ಸಿ, ಸಿಬಿಡಿ ಎರಡೂ ಇರುವ, ಬಾಯೊಳಗೆ ಹೊಡೆದುಕೊಳ್ಳುವ ಸ್ಪ್ರೇ. ಅಲುಗಾಡಿದಾಗಿನ ನೋವು, ಸುಮ್ನೆ ಕೂತಾಗಿನ ನೋವು, ನಿದ್ದೆ ಮೂರೂ ಸುಧಾರಿಸಿದವು. ಬೆಳಗಿನ ಬಿಗಿತ ಬದಲಾಗಲಿಲ್ಲ. ಆದರೆ ಡಾಸ್28 ಇಳಿಯಿತು.

ಡಾಸ್28: ನಾನು ಎಡವಿದ್ದು ಇಲ್ಲಿ

ಡಾಸ್28 ಅಂದರೆ ಕಾಯಿಲೆ ಎಷ್ಟು ಜೋರಾಗಿದೆ ಎಂದು 28 ಕೀಲುಗಳನ್ನು ನೋಡಿ ಹಾಕುವ ಅಂಕ. 5.1 ದಾಟಿದರೆ ಜೋರು. 3.2ರಿಂದ 5.1ರವರೆಗೆ ಮಧ್ಯಮ. ಆ ಅಂಕವೇ ಇಳಿದ ಮೇಲೆ ಕಾಯಿಲೆ ಇಳಿದಂತೆಯೇ ಅಲ್ವಾ? ಸೂತ್ರ ಬಿಡಿಸುವವರೆಗೂ ನಾನೂ ಹಾಗೇ ನಂಬಿದ್ದೆ. ಈ ನಾಲ್ಕನ್ನು ಕೂಡಬೇಕು:

0.56 × √(ಒತ್ತಿದರೆ ನೋಯುವ ಕೀಲುಗಳು)
0.28 × √(ಊದಿದ ಕೀಲುಗಳು)
0.70 × ಇಎಸ್‌ಆರ್‌ನ ನ್ಯಾಚುರಲ್ ಲಾಗ್ (ಇದು ಉರಿಯೂತ ಹೆಚ್ಚಿದರೆ ಏರುವ ರಕ್ತಪರೀಕ್ಷೆ)
0.014 × ರೋಗಿಯೇ 0ರಿಂದ 100ರೊಳಗೆ ಕೊಡುವ ಅಂಕ

ಮೊದಲ ಸಾಲನ್ನು ಎಣಿಸುವುದು ಹೇಗೆ? ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು, ನಮ್ಮ ಉಗುರು ಬೆಳ್ಳಗಾಗುವಷ್ಟು ಒತ್ತುತ್ತೇವೆ. ರೋಗಿ 'ನೋಯ್ತದೆ' ಅಂದರೆ ಒಂದು ಎಣಿಸುತ್ತೇವೆ. ಎರಡನೆಯ ಸಾಲು ಹಾಗಲ್ಲ. ಊತ ನಮ್ಮ ಬೆರಳಿಗೇ ಸಿಗುತ್ತದೆ, ನಾದಿದ ಹಿಟ್ಟಿನ ಹಾಗೆ ಮೆತ್ತಗೆ. ಇಎಸ್‌ಆರ್ ಲ್ಯಾಬಿನಿಂದ ಬರುತ್ತದೆ. ನಾಲ್ಕನೆಯದು ಮತ್ತೆ ರೋಗಿಯ ಮಾತು. ಅಂದರೆ ನಾಲ್ಕರಲ್ಲಿ ಎರಡು ರೋಗಿಗೆ ಹೇಗನ್ನಿಸುತ್ತದೆ ಎಂಬುದರ ಮೇಲೆ ನಿಂತಿವೆ. ಅದರಲ್ಲೂ ನೋಯುವ ಕೀಲಿಗೆ ಸಿಗುವ ತೂಕ ಊದಿದ ಕೀಲಿಗಿಂತ ಸರಿಯಾಗಿ ಎರಡರಷ್ಟು.

ಲೆಕ್ಕ ಮಾಡಿ ನೋಡಿ. ಸಂಖ್ಯೆಗಳು ನಾನೇ ಹಾಕಿಕೊಂಡವು. ನೋಯುವ ಕೀಲು 9, ಊದಿದ ಕೀಲು 4, ಇಎಸ್‌ಆರ್ 28, ರೋಗಿಯ ಅಂಕ 60. 1.68 + 0.56 + 2.33 + 0.84 = 5.41. ಜೋರು.

ಈಗ ನೋವನ್ನು ಮಾತ್ರ ಇಳಿಸೋಣ. ಊತ ಅದೇ 4, ಇಎಸ್‌ಆರ್ ಅದೇ 28. ನೋಯುವ ಕೀಲು 4 ಆಯಿತು, ರೋಗಿಯ ಅಂಕ 30. 1.12 + 0.56 + 2.33 + 0.42 = 4.43. ಮಧ್ಯಮ!

ಒಂದು ಕೀಲಿನ ಊತವೂ ತಗ್ಗಿಲ್ಲ. ಆದರೂ ಅಂಕ ಸುಮಾರು 1 ಇಳಿದು, ರೋಗಿ ಕೆಳಗಿನ ಗುಂಪಿಗೆ ಬಂದರು. ಈ ಲೆಕ್ಕವನ್ನು ಮೂರು ಸಲ ಮಾಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ಹಾಗಂತ ಆ ಟ್ರಯಲ್ ಸುಳ್ಳು ಅಂತಲ್ಲ. ನೋವು ನಿಜವಾಗಿಯೂ ಕಡಿಮೆಯಾಯಿತು, ನಿದ್ದೆ ಬಂತು, ಅದು ಸಣ್ಣ ವಿಷಯವಲ್ಲ. ಆದರೆ ಕೀಲೊಳಗೆ ಏನಾಯಿತು ಎಂದು ಡಾಸ್28 ಒಂದೇ ಹೇಳಲಾರದು. ಹಾಗಾಗಿ ಊತ ಮತ್ತು ಇಎಸ್‌ಆರ್ ಸಾಲುಗಳನ್ನು ಬೇರೆಯಾಗಿ ನೋಡಿ.

ನಮ್ಮ ದೊಡ್ಡಮ್ಮನಿಗೆ ಇದೇ ಕಾಯಿಲೆ. ನೋವಿನ ಮಾತ್ರೆಯಲ್ಲಿ ಆರಾಮಾಗಿದ್ದಾರೆಂದು, ಕಾಯಿಲೆಯನ್ನೇ ಹಿಡಿತದಲ್ಲಿಡುವ ಮೆಥೊಟ್ರೆಕ್ಸೇಟ್ ಬಿಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ ಬಲಗೈ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದವು. ಈಗ ಸೀರೆಗೆ ಪಿನ್ನು ಹಾಕಲು ನನ್ನನ್ನು ಕರೆಯುತ್ತಾರೆ. ಅವರು ಬಿಟ್ಟದ್ದು ಗಾಂಜಾದಿಂದಲ್ಲ, ಆದರೆ ದಾರಿ ಇದೇ.

ಉಳಿದದ್ದು

ವಾತದ ನೋವಿಗೆ ಗಾಂಜಾ ಹೊಸತಲ್ಲ. 1839ರ ಹೊತ್ತಿಗೆ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಓಶೌನೆಸ್ಸಿ ಗಾಂಜಾ ರಾಳವನ್ನು ಮೊದಮೊದಲು ಕೊಟ್ಟವರಲ್ಲಿ ವಾತದ ರೋಗಿಗಳೂ ಇದ್ದರು. ಒಬ್ಬನ ಕೈಯನ್ನು ಹೇಗೆ ಎತ್ತಿಟ್ಟರೆ ಹಾಗೇ ನಿಂತುಬಿಟ್ಟಿತಂತೆ.

ಕೆನಡಾದಲ್ಲಿ 2018ರ ಅಕ್ಟೋಬರ್‌ನಲ್ಲಿ ಗಾಂಜಾ ಕಾನೂನುಬದ್ಧವಾಯಿತು. ಆಮೇಲೆ ವಾತರೋಗಗಳ 1000 ರೋಗಿಗಳನ್ನು ಕೇಳಿದಾಗ 12.6% ಜನ ಔಷಧವಾಗಿ ಒಮ್ಮೆಯಾದರೂ ಬಳಸಿದ್ದರು. 2014ರಲ್ಲಿ ಅದು 4.3% ಇತ್ತು. ಆದರೆ ಕೇಳುವ ಹೊತ್ತಿಗೆ ಇನ್ನೂ ಬಳಸುತ್ತಿದ್ದವರು 6.5% ಮಾತ್ರ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ, ದೀರ್ಘಕಾಲದ ನೋವಿಗೆ ಟಿಎಚ್‌ಸಿ ಇರುವ ಔಷಧ ಕೊಡಬೇಡಿ, ಸಿಬಿಡಿಯನ್ನು ಟ್ರಯಲ್‌ನಲ್ಲಿ ಮಾತ್ರ ಕೊಡಿ ಎಂದಿತು.

ಸಿಬಿಡಿ ಒಂದನ್ನೇ ಕೊಟ್ಟರೆ? ಡೆನ್ಮಾರ್ಕ್‌ನಲ್ಲಿ ಕೈಬೆರಳ ಕೀಲು ಸವೆತ ಅಥವಾ ಸೋರಿಯಾಟಿಕ್ ಆರ್ಥ್ರೈಟಿಸ್ (ಸೋರಿಯಾಸಿಸ್ ಜೊತೆ ಬರುವ ಕೀಲುವಾತ) ಇರುವ 136 ಜನರಿಗೆ 12 ವಾರ ದಿನಕ್ಕೆ 20ರಿಂದ 30 ಮಿಲಿಗ್ರಾಂ ಕೊಟ್ಟರು. ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೇನೂ ಆಗಲಿಲ್ಲ. ಡೋಸ್ ಕಮ್ಮಿಯಾಯ್ತೇನೋ ಅನ್ನಿಸಬಹುದು. ವಿಯೆನ್ನಾದಲ್ಲಿ ಮಂಡಿ ಸವೆತಕ್ಕೆ 600 ಮಿಲಿಗ್ರಾಂ ಕೊಟ್ಟರೂ ನೋವು ಪ್ಲಸೀಬೊಗಿಂತ ಜಾಸ್ತಿ ಇಳಿಯಲಿಲ್ಲ. ಬದಲಿಗೆ ಸಿಬಿಡಿ ತೆಗೆದುಕೊಂಡವರಲ್ಲಿ ಲಿವರ್ ಕಿಣ್ವ ಏರಿತು.

ಈ ಕೊನೆಯ ಸಾಲಿಗೆ ಕೆಂಪು ಗೆರೆ ಎಳೆಯಿರಿ. ಮೆಥೊಟ್ರೆಕ್ಸೇಟ್ ಕೂಡ ಅದೇ ಕಿಣ್ವಗಳನ್ನು ಏರಿಸಬಹುದು. ಅದರಲ್ಲಿ ಒಂದಾದ ಎಸ್‌ಜಿಪಿಟಿ ಜಾಸ್ತಿ ಬಂದರೆ, ಮೆಥೊಟ್ರೆಕ್ಸೇಟ್ ನಿಲ್ಲಿಸುವ ಮುಂಚೆ, ಸಿಬಿಡಿ ತೆಗೆದುಕೊಳ್ಳುತ್ತಿದ್ದಾರಾ ಎಂದು ತಿಳಿಯಲು ಒಂದು ಮಾತು ಕೇಳಿ: 'ಅಮ್ಮ, ಮನೇಲಿ ಬೇರೆ ಯಾವುದಾದ್ರೂ ಎಣ್ಣೆ, ಹನಿ ತಗೊಳ್ತಿದ್ದೀರಾ?'