ಮುಕ್ತ ತಂತ್ರಾಂಶ ಮತ್ತು ಸ್ವಾಮ್ಯದ ವೇದಿಕೆಗಳು: ಬಿಟ್‌ಕೀಪರ್‌ನಿಂದ ಪಲ್ಸರ್‌ವರೆಗೆ

ಮೂಲ ಕೋಡ್ ಅನ್ನು ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದ ಮುಕ್ತ ತಂತ್ರಾಂಶಕ್ಕೂ ಆ ಹಕ್ಕುಗಳನ್ನು ಒಡೆಯರೇ ಇಟ್ಟುಕೊಳ್ಳುವ ಸ್ವಾಮ್ಯದ ತಂತ್ರಾಂಶಕ್ಕೂ ಇರುವ ಪೈಪೋಟಿಯನ್ನು ಓದುವಾಗ ನಾವು ಸಾಮಾನ್ಯವಾಗಿ ಲಿನಕ್ಸ್ ಮತ್ತು ವಿಂಡೋಸ್‌ನಂಥ ಜೋಡಿಗಳನ್ನು ಎದುರುಬದುರು ನಿಲ್ಲಿಸಿ ಗುಣದೋಷ ಪಟ್ಟಿ ಮಾಡುತ್ತೇವೆ. ತಂತ್ರಾಂಶ ಬರೆಯಲು ಬಳಸುವ ಉಪಕರಣಗಳ ವಿಷಯದಲ್ಲಿ ಈ ಲೆಕ್ಕ ಸಾಲುವುದಿಲ್ಲ. ಅಲ್ಲಿ ಮುಕ್ತ ಯೋಜನೆಗಳು ಸ್ವಾಮ್ಯದ ವೇದಿಕೆಯ ಮೇಲೆಯೇ ಬೆಳೆಯುತ್ತವೆ, ಸ್ವಾಮ್ಯದ ಉಪಕರಣಗಳ ಒಡಲಲ್ಲಿ ಮುಕ್ತ ಕೋಡ್ ಇರುತ್ತದೆ. ಬೆಳೆ ಎಲ್ಲರದ್ದಾಗಿದ್ದರೂ ಒಕ್ಕುವ ಕಣ ಒಬ್ಬರದ್ದಾಗಿರುವ ಸ್ಥಿತಿ ಇದು. ಆದ್ದರಿಂದ ಈ ಟಿಪ್ಪಣಿಯುದ್ದಕ್ಕೂ ಒಂದೇ ಪ್ರಶ್ನೆಯನ್ನು ಹಿಡಿದು ಸಾಗಿದ್ದೇನೆ: ಒಂದು ವೇದಿಕೆಯನ್ನು ಬಿಟ್ಟು ಹೊರಡಬೇಕಾದ ದಿನ ನಮ್ಮ ಕೆಲಸದ ಎಷ್ಟು ಪಾಲು ನಮ್ಮ ಜೊತೆ ಬರುತ್ತದೆ?

ಬಿಟ್‌ಕೀಪರ್ ಪ್ರಕರಣ

ಈ ಪ್ರಶ್ನೆಯನ್ನು ತೀವ್ರವಾಗಿ ಎದುರಿಸಿದ್ದು ಲಿನಕ್ಸ್ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಯೋಜನೆ. 2002ಕ್ಕೆ ಮುಂಚೆ ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇಮೇಲ್‌ನಲ್ಲಿ ಬರುತ್ತಿದ್ದ ತೇಪೆಗಳನ್ನು, ಅಂದರೆ ಪ್ಯಾಚ್‌ಗಳನ್ನು, ತಾವೇ ನೋಡಿ ಸೇರಿಸುತ್ತಿದ್ದರು. ಯೋಜನೆ ದೊಡ್ಡದಾದಂತೆ ಅದು ಕೈಮೀರತೊಡಗಿತು. ಕೋಡ್‌ನ ಬದಲಾವಣೆಗಳ ಲೆಕ್ಕವಿಡಲು ಆಗ ಲಭ್ಯವಿದ್ದ ಸಿವಿಎಸ್‌ನಂಥ ಮುಕ್ತ ಉಪಕರಣಗಳು ಕೇಂದ್ರೀಕೃತವಾಗಿದ್ದು, ನೂರಾರು ಜನ ಸ್ವತಂತ್ರವಾಗಿ ಕೆಲಸ ಮಾಡಿ ನಂತರ ಅದನ್ನು ಒಗ್ಗೂಡಿಸುವುದಕ್ಕೆ ಒಗ್ಗುತ್ತಿರಲಿಲ್ಲ. ಲ್ಯಾರಿ ಮೆಕ್‌ವಾಯ್ ಅವರ ಬಿಟ್‌ಮೂವರ್ ಕಂಪನಿಯ ಸ್ವಾಮ್ಯದ ಉಪಕರಣ ಬಿಟ್‌ಕೀಪರ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದುದರಿಂದ 2002ರಲ್ಲಿ ಟೊರ್ವಾಲ್ಡ್ಸ್ ಅದನ್ನೇ ಒಪ್ಪಿಕೊಂಡರು. ಮುಕ್ತ ಯೋಜನೆಗಳಿಗೆ ಅದು ಉಚಿತವಾಗಿ ಸಿಗುತ್ತಿತ್ತು. ಆದರೆ ಉಚಿತ ಪ್ರತಿಯನ್ನು ಬಳಸುವವರು ಬಿಟ್‌ಕೀಪರ್‌ಗೆ ಪ್ರತಿಸ್ಪರ್ಧಿಯಾಗುವ ಉಪಕರಣವನ್ನು ಅಭಿವೃದ್ಧಿಪಡಿಸಬಾರದು ಎಂಬ ಷರತ್ತು ಪರವಾನಗಿಯಲ್ಲಿತ್ತು. ಉಚಿತ ಎಂಬುದಕ್ಕೂ ಮುಕ್ತ ಎಂಬುದಕ್ಕೂ ಇರುವ ಅಂತರವನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಮೊದಲಾದವರು ಆಗಲೇ ಇದನ್ನು ವಿರೋಧಿಸಿದ್ದರು.

ಮೂರು ವರ್ಷ ಕೆಲಸ ಸುಗಮವಾಗಿಯೇ ನಡೆಯಿತು. ನಂತರ ಸಾಂಬಾ ಎಂಬ ಮುಕ್ತ ಯೋಜನೆಯ ಆಂಡ್ರೂ ಟ್ರಿಜೆಲ್ ಅವರು ಬಿಟ್‌ಕೀಪರ್ ಸರ್ವರ್‌ನಿಂದ ಕರ್ನಲ್‌ನ ಇತಿಹಾಸವನ್ನು ಪಡೆಯಬಲ್ಲ ಮುಕ್ತ ಕಾರ್ಯಕ್ರಮವೊಂದನ್ನು ಬರೆಯತೊಡಗಿದರು. ಮೆಕ್‌ವಾಯ್ ಅದನ್ನು ಪರವಾನಗಿಯ ಉಲ್ಲಂಘನೆ ಎಂದು ಕಂಡು, 2005ರ ಏಪ್ರಿಲ್‌ನಲ್ಲಿ ಉಚಿತ ಪ್ರತಿಯನ್ನು ಹಿಂತೆಗೆದುಕೊಳ್ಳುವುದಾಗಿ ಸಾರಿದರು. ತಾವು ಬಿಟ್‌ಕೀಪರ್ ಪರವಾನಗಿಯನ್ನು ಪಡೆದೇ ಇಲ್ಲವಾದ್ದರಿಂದ ಅದನ್ನು ಮುರಿಯುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಟ್ರಿಜೆಲ್ ಅವರ ನಿಲುವಾಗಿತ್ತು. ಅದೇ ತಿಂಗಳು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದ ವೇದಿಕೆಯಲ್ಲಿ ಅವರು ತಮ್ಮ ವಿಧಾನವನ್ನು ತೋರಿಸಿದರು. ಟೆಲ್‌ನೆಟ್ ಎಂಬ ಸಂಪರ್ಕ ಸಾಧನದ ಮೂಲಕ ಬಿಟ್‌ಕೀಪರ್ ಸರ್ವರ್‌ನ 5000ನೆಯ ಪೋರ್ಟ್‌ಗೆ ಸಂಪರ್ಕಿಸಿ 'ಹೆಲ್ಪ್' ಎಂದು ಟೈಪ್ ಮಾಡಿದರು. ತಾನು ಯಾವ ಯಾವ ಆಜ್ಞೆಗಳನ್ನು ಪಾಲಿಸುತ್ತೇನೆ ಎಂಬ ಪಟ್ಟಿಯನ್ನು ಸರ್ವರೇ ಮುದ್ರಿಸಿತು. ವರ್ಷಗಟ್ಟಲೆ ಸಾವಿರಾರು ಜನ ಸೇರಿ ಬರೆದ ಮುಕ್ತ ಕೋಡ್‌ನ ಇತಿಹಾಸವನ್ನು ಓದುವುದು ಒಂದು ಕಂಪನಿಯ ಸಮ್ಮತಿಯನ್ನು ಅವಲಂಬಿಸಿತ್ತು ಎಂಬುದೇ ಈ ಪ್ರಕರಣದ ತಿರುಳು.

ಬಿಟ್‌ಕೀಪರ್‌ನ ಜಾಗಕ್ಕಾಗಿ ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ಗಿಟ್ ಎಂಬ ಮುಕ್ತ ಉಪಕರಣವನ್ನು ಬರೆಯಲು ತೊಡಗಿದರು, ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನದೇ ಕೋಡ್ ಅನ್ನು ತಾನೇ ನಿರ್ವಹಿಸತೊಡಗಿತು. ಅದೇ ತಿಂಗಳು ಮ್ಯಾಟ್ ಮ್ಯಾಕಲ್ ಅವರು ಮರ್ಕ್ಯೂರಿಯಲ್ ಎಂಬ ಇನ್ನೊಂದು ಉಪಕರಣವನ್ನು ಹುಟ್ಟುಹಾಕಿದರು. ಜುಲೈನಲ್ಲಿ ಗಿಟ್‌ನ ಹೊಣೆ ಜುನಿಯೊ ಹಮಾನೊ ಅವರಿಗೆ ವರ್ಗವಾಯಿತು. ಇಂದಿಗೂ ಕರ್ನಲ್‌ನ ಮುಖ್ಯ ಭಂಡಾರವನ್ನು (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹವನ್ನು) ಇಳಿಸಿಕೊಂಡು 'ಗಿಟ್ ಲಾಗ್' ಆಜ್ಞೆಯನ್ನು ಕೊಟ್ಟು ಹಿಂದೆ ಹಿಂದೆ ಹೋದರೆ, ಟೊರ್ವಾಲ್ಡ್ಸ್ ಅವರ ಕಮಿಟ್‌ಗಳ, ಅಂದರೆ ದಾಖಲಿಸಿದ ಬದಲಾವಣೆಗಳ, ಸಾಲು 2005ರ ಏಪ್ರಿಲ್ 16ರಲ್ಲಿ, 2.6.12-ಆರ್‌ಸಿ2 ಎಂಬ ಕಮಿಟ್‌ನಲ್ಲಿ, ಥಟ್ಟನೆ ನಿಲ್ಲುತ್ತದೆ. ಹಳೆಯ ಇತಿಹಾಸ ತಮ್ಮ ಬಳಿ ಇದೆಯೆಂದೂ, ಗಿಟ್‌ಗೆ ತಂದರೆ ಅದು ಸುಮಾರು 3.2 ಗಿಗಾಬೈಟ್ ಆಗುವುದರಿಂದ ಸದ್ಯಕ್ಕೆ ಬಿಟ್ಟಿರುವುದಾಗಿಯೂ ಅವರು ಆ ಕಮಿಟ್‌ನ ಸಂದೇಶದಲ್ಲಿ ಬರೆದಿದ್ದಾರೆ. ಅಭ್ಯಾಸಿಗಳು ಆ ಸಂದೇಶವನ್ನು ಒಮ್ಮೆ ತಾವೇ ತೆರೆದು ಓದಬೇಕು. ಮನೆ ಬದಲಿಸುವಾಗ ಎಲ್ಲವನ್ನೂ ಒಂದೇ ಗಾಡಿಯಲ್ಲಿ ಹೇರಲಾಗದ ಸ್ಥಿತಿ ಅಲ್ಲಿ ಕಾಣುತ್ತದೆ. ಬಿಟ್‌ಕೀಪರ್ ಅನ್ನು 2016ರಲ್ಲಿ ಅಪಾಚೆ ಪರವಾನಗಿಯಡಿ ಮುಕ್ತಗೊಳಿಸಲಾಯಿತು. ಅಷ್ಟರಲ್ಲಿ ಗಿಟ್ ಎಲ್ಲೆಡೆ ಬೇರೂರಿತ್ತು.

ಗಿಟ್‌ಹಬ್: ಕೋಡ್ ಬರುತ್ತದೆ, ಮಾತುಕತೆ ಉಳಿಯುತ್ತದೆ

ಗಿಟ್‌ನ ರಚನೆಯಲ್ಲಿಯೇ ಹೊರಹೋಗುವ ದಾರಿ ಇದೆ. 'ಕ್ಲೋನ್' ಮಾಡಿದಾಗ ಇಂದಿನ ಕಡತಗಳಷ್ಟೇ ಅಲ್ಲದೆ ಆ ಭಂಡಾರದ ಇತಿಹಾಸವೂ ನಮ್ಮ ಗಣಕಕ್ಕೆ ಬರುತ್ತದೆ. ಪ್ರತಿಯೊಂದು ಕಮಿಟ್ ತನ್ನ ಹಿಂದಿನದರ ಹ್ಯಾಶ್ ಅನ್ನು, ಅಂದರೆ ಅದರ ಒಳಹೂರಣದಿಂದ ಲೆಕ್ಕಹಾಕಿದ ಗುರುತನ್ನು, ಹೊತ್ತಿರುವುದರಿಂದ, ನಡುವೆ ಯಾರಾದರೂ ಏನನ್ನಾದರೂ ತಿದ್ದಿದರೆ ಮುಂದಿನ ಹ್ಯಾಶ್‌ಗಳೆಲ್ಲ ಬದಲಾಗಿ ಸಿಕ್ಕಿಬೀಳುತ್ತದೆ. ಹಾಗಾಗಿ ಸರ್ವರ್ ಯಾರದ್ದಾದರೂ ಕೋಡ್ ಬಂಧಿಯಾಗುವುದಿಲ್ಲ.

2008ರಲ್ಲಿ ಆರಂಭವಾದ, ಗಿಟ್ ಭಂಡಾರಗಳನ್ನು ಇರಿಸಿಕೊಡುವ ತಾಣ ಗಿಟ್‌ಹಬ್ ಈ ಮುಕ್ತ ಬುನಾದಿಯ ಮೇಲೆ ಕಟ್ಟಿದ ಸ್ವಾಮ್ಯದ ಕಟ್ಟಡ. ದೋಷ ವರದಿಗಳು, ಪುಲ್ ರಿಕ್ವೆಸ್ಟ್‌ಗಳು (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳು), ಅವುಗಳ ಕೆಳಗೆ ನಡೆಯುವ ಪರಿಶೀಲನೆಯ ಚರ್ಚೆ, ಯಾರಿಗೆ ಯಾವ ಅನುಮತಿ ಇದೆ ಎಂಬ ವಿವರ, ಇವೆಲ್ಲ ಗಿಟ್‌ನ ಹೊರಗೆ, ಕಂಪನಿಯ ಡೇಟಾಬೇಸಿನಲ್ಲಿ ಇರುತ್ತವೆ. ನಿಮಗೆ ಪರಿಚಯವಿರುವ ಒಂದು ಭಂಡಾರವನ್ನು ಕ್ಲೋನ್ ಮಾಡಿ ಜಾಲ ಸಂಪರ್ಕವನ್ನು ಕಡಿದು ನೋಡಿ. ಒಂದು ಸಾಲನ್ನು ಯಾವ ದಿನ, ಯಾರು ಬದಲಿಸಿದರು ಎಂಬುದು 'ಗಿಟ್ ಬ್ಲೇಮ್' ಆಜ್ಞೆಯಿಂದ ಸಿಗುತ್ತದೆ. ಆದರೆ ಕಮಿಟ್ ಸಂದೇಶದಲ್ಲಿ ಆ ಚರ್ಚೆಯ ಸಂಖ್ಯೆಯನ್ನು ಮಾತ್ರ ಬರೆದಿದ್ದರೆ, ಆ ಬದಲಾವಣೆ ಏಕೆ ಬೇಕಾಯಿತು, ಯಾವ ಪರ್ಯಾಯಗಳನ್ನು ಕೈಬಿಟ್ಟರು ಎಂಬುದು ಸಿಗುವುದಿಲ್ಲ. ಆ ಸಂಖ್ಯೆಯ ಹಿಂದಿನ ಚರ್ಚೆ ಸರ್ವರ್‌ನಲ್ಲಿಯೇ ಉಳಿದಿರುತ್ತದೆ. ಅದನ್ನು ಎಪಿಐ (ಕಾರ್ಯಕ್ರಮಗಳಿಗೆಂದು ಸೇವೆ ತೆರೆದಿಡುವ ದಾರಿ) ಮೂಲಕ ಹೊರತೆಗೆಯಬಹುದು, ನಿಜ. ಆದರೆ ಅದು ಗಿಟ್‌ನಂತೆ ತಾನಾಗಿಯೇ ಜೊತೆ ಬರುವಂಥದ್ದಲ್ಲ.

ಇದು ಬರಿಯ ಊಹೆಯ ಆತಂಕವಲ್ಲ. ಗೂಗಲ್ ಕೋಡ್ ಎಂಬ ಸೇವೆ 2016ರ ಜನವರಿಯಲ್ಲಿ ಮುಚ್ಚಿದಾಗ ಅಲ್ಲಿದ್ದ ಯೋಜನೆಗಳು ಬೇರೆ ನೆಲೆ ಹುಡುಕಬೇಕಾಯಿತು. ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರ್‌ಗೆ ಗಿಟ್‌ಹಬ್ ಅನ್ನು ಕೊಂಡಿತು. 2019ರ ಜುಲೈನಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧಗಳ ಕಾರಣದಿಂದ ಇರಾನ್, ಸಿರಿಯಾ ಮತ್ತು ಕ್ರಿಮಿಯಾದ ಬಳಕೆದಾರರ ಖಾತೆಗಳು ಮೊಟಕುಗೊಂಡವು. ಇರಾನಿನವರಿಗೆ ಸೇವೆ ಮತ್ತೆ ಪೂರ್ಣವಾಗಿ ದೊರೆತದ್ದು 2021ರ ಜನವರಿಯಲ್ಲಿ, ಅದೂ ಅಮೆರಿಕ ಸರ್ಕಾರದ ಅನುಮತಿ ಪಡೆದ ಮೇಲೆ. ನಮ್ಮ ದೇಶದಲ್ಲಿಯೂ 2014ರ ಡಿಸೆಂಬರ್‌ನಲ್ಲಿ ಸರ್ಕಾರದ ಆದೇಶದಂತೆ ತಡೆಹಿಡಿದ 32 ತಾಣಗಳ ಪಟ್ಟಿಯಲ್ಲಿ ಗಿಟ್‌ಹಬ್ ಇತ್ತು. ಎಲ್ಲರೂ ಒಂದೇ ಬಾವಿಯನ್ನು ನೆಚ್ಚಿಕೊಂಡಾಗ ಅದರ ಬಾಗಿಲು ಯಾವ ಕಾರಣಕ್ಕೆ ಮುಚ್ಚಿದರೂ ನೀರಿಗೆ ಬರ ಬರುತ್ತದೆ.

ಹೀಗಿದ್ದೂ ಮುಕ್ತ ಯೋಜನೆಗಳು ಅಲ್ಲಿಗೇ ಏಕೆ ಹೋಗುತ್ತವೆ ಎಂಬುದನ್ನು ಪ್ರಾಮಾಣಿಕವಾಗಿ ನೋಡಬೇಕು. ಸ್ವಂತ ಸರ್ವರ್ ನಡೆಸುವುದೆಂದರೆ ಬ್ಯಾಕಪ್, ಭದ್ರತೆ, ಸ್ಪ್ಯಾಮ್ ತಡೆಯುವಿಕೆ ಎಲ್ಲವನ್ನೂ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರೇ ಹೊರಬೇಕು. ಹೊಸದಾಗಿ ಬರುವವರ ಖಾತೆ ಈಗಾಗಲೇ ಗಿಟ್‌ಹಬ್‌ನಲ್ಲಿರುತ್ತದೆ. ಪೈಥಾನ್ ಭಾಷೆಯ ಮುಖ್ಯ ಭಂಡಾರ 2017ರಲ್ಲಿ ಅಲ್ಲಿಗೆ ಹೋಯಿತು, ಅದರ ದೋಷ ವರದಿಗಳು 2022ರಲ್ಲಿ ಹಿಂಬಾಲಿಸಿದವು. ಇದನ್ನು ಸೋಮಾರಿತನವೆಂದು ಜರೆಯುವುದು ಅನ್ಯಾಯ. ಬೇರೆ ದಾರಿ ಹಿಡಿದವರೂ ಇದ್ದಾರೆ: ಗ್ನೋಮ್, ಡೆಬಿಯನ್ ಮತ್ತು ಕೆಡಿಇ ಯೋಜನೆಗಳು ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್‌ನ ಮುಕ್ತ ಆವೃತ್ತಿಯನ್ನು ತಮ್ಮದೇ ಸರ್ವರ್‌ಗಳಲ್ಲಿ ನಡೆಸುತ್ತಿವೆ. ಕರ್ನಲ್ ತನ್ನ ಪರಿಶೀಲನೆಯನ್ನು ಇಂದಿಗೂ ಇಮೇಲ್‌ನಲ್ಲಿಯೇ ಮುಖ್ಯವಾಗಿ ನಡೆಸುತ್ತದೆ. ಇಮೇಲ್ ಹೊಸಬರಿಗೆ ಕಷ್ಟವೆನಿಸಿದರೂ, ಚರ್ಚೆಯ ಪ್ರತಿ ಭಾಗವಹಿಸಿದ ಪ್ರತಿಯೊಬ್ಬರ ಅಂಚೆಪೆಟ್ಟಿಗೆಯಲ್ಲಿ ಉಳಿಯುತ್ತದೆ ಎಂಬ ಗುಣವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಸಂಪಾದಕ ತಂತ್ರಾಂಶಗಳು

ಕೋಡ್ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ಸಂಪಾದಕ ವಿಷುವಲ್ ಸ್ಟುಡಿಯೋ ಕೋಡ್, ಅಂದರೆ ವಿಎಸ್ ಕೋಡ್, ಮುಕ್ತವೇ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಒಂದೇ ಪದದಲ್ಲಿ ಉತ್ತರಿಸಬೇಡಿ. ಅದರ ಮೂಲ ಕೋಡ್ 2015ರ ನವೆಂಬರ್‌ನಿಂದ ಎಂಐಟಿ ಎಂಬ ಮುಕ್ತ ಪರವಾನಗಿಯಡಿ ಲಭ್ಯವಿದೆ. ಆದರೆ ಮೈಕ್ರೋಸಾಫ್ಟ್ ತಾಣದಿಂದ ನಾವು ಇಳಿಸಿಕೊಳ್ಳುವ ಸಿದ್ಧ ಪ್ರತಿಗೆ ಬೇರೆಯದೇ ಸ್ವಾಮ್ಯದ ಪರವಾನಗಿ ಇದೆ. ಸಂಪಾದಕಕ್ಕೆ ಹೆಚ್ಚಿನ ಸೌಲಭ್ಯ ಕೂಡಿಸುವ ವಿಸ್ತರಣೆಗಳು ಸಿಗುವ ಮಾರ್ಕೆಟ್‌ಪ್ಲೇಸ್‌ನ ನಿಯಮಗಳ ಪ್ರಕಾರ ಅದನ್ನು ಆ ಕಂಪನಿಯ ಉತ್ಪನ್ನಗಳಿಂದ ಮಾತ್ರ ಬಳಸಬಹುದು. ಪೈಥಾನ್ ಬರೆಯುವವರು ನೆಚ್ಚಿಕೊಳ್ಳುವ ಪೈಲಾನ್ಸ್‌ನಂಥ ವಿಸ್ತರಣೆ ಮುಕ್ತವಲ್ಲ. ವಿಎಸ್‌ಕೋಡಿಯಂ ಯೋಜನೆ ಎಂಐಟಿ ಕೋಡ್‌ನಿಂದ ಸ್ವಚ್ಛವಾದ ಪ್ರತಿಯನ್ನು ಕಟ್ಟಿಕೊಡುತ್ತದೆ. ಆದರೆ ವಿಸ್ತರಣೆಗಳಿಗಾಗಿ ಅದು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಎಂಬ ಬೇರೆ ಕಣಜಕ್ಕೆ ಹೋಗಬೇಕು. ಮೈಕ್ರೋಸಾಫ್ಟ್ 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅನ್ನು (ಒಂದು ಭಾಷೆಯ ನೆರವನ್ನು ಬೇರೆ ಬೇರೆ ಸಂಪಾದಕಗಳಿಗೆ ಒದಗಿಸುವ ನಿಯಮಗಳನ್ನು) ಮುಕ್ತ ಮಾನಕವಾಗಿ ಹೊರತಂದದ್ದರಿಂದ ವಿಮ್ ಮತ್ತು ಇಮ್ಯಾಕ್ಸ್‌ನಂಥ ಸಂಪಾದಕಗಳ ಬಳಕೆದಾರರಿಗೂ ಉಪಕಾರವಾಗಿದೆ ಎಂಬುದನ್ನು ಇಲ್ಲಿ ಮರೆಯಬಾರದು.

ಕೊನೆಯದಾಗಿ ಆಟಮ್. ಗಿಟ್‌ಹಬ್ 2014ರಲ್ಲಿ ಹೊರತಂದ ಈ ಮುಕ್ತ ಸಂಪಾದಕಕ್ಕಾಗಿ ಸಿದ್ಧವಾದ ಎಲೆಕ್ಟ್ರಾನ್ ಚೌಕಟ್ಟಿನ ಮೇಲೆಯೇ ವಿಎಸ್ ಕೋಡ್ ನಿಂತಿದೆ. ಎರಡೂ ಒಂದೇ ಒಡೆತನಕ್ಕೆ ಬಂದ ಮೇಲೆ ಆಟಮ್‌ನ ಬೆಳವಣಿಗೆ ಕುಂಠಿತವಾಗಿ, 2022ರ ಡಿಸೆಂಬರ್ 15ರಂದು ಅದನ್ನು ನಿಲ್ಲಿಸಲಾಯಿತು. ಮೂಲ ಕೋಡ್ ಮುಕ್ತವಾಗಿದ್ದುದರಿಂದ ಬಳಕೆದಾರರ ಗುಂಪೊಂದು ಅದನ್ನು ಎತ್ತಿಕೊಂಡು ಪಲ್ಸರ್ ಎಂಬ ಹೆಸರಿನಲ್ಲಿ ಮುಂದುವರಿಸಿತು. ಆದರೆ ಆಟಮ್‌ನ ಪ್ಯಾಕೇಜುಗಳನ್ನು, ಅಂದರೆ ವಿಸ್ತರಣೆಗಳನ್ನು, ಹಂಚುತ್ತಿದ್ದ ಸರ್ವರ್‌ನ ಕೋಡ್ ಮುಕ್ತವಾಗಿರಲಿಲ್ಲ. ಆದ್ದರಿಂದ ಸಂಪಾದಕವನ್ನು ಸಿದ್ಧರೂಪದಲ್ಲಿ ಪಡೆದ ಆ ಗುಂಪು, ಪ್ಯಾಕೇಜ್ ಸರ್ವರ್ ಅನ್ನು ಮಾತ್ರ ಹೊಸದಾಗಿ ತಾನೇ ಬರೆದುಕೊಳ್ಳಬೇಕಾಯಿತು.