ಗೋಲ್ಡ್ ಫಿಶ್ ಟ್ಯಾಂಕಿನ ತಳ: ಹೂಳು ತೆಗೆಯೋದು ಹೇಗೆ, ಎಷ್ಟು?

ಬಳ್ಳಾರಿ ಕಡೆಯವರಿಗೆ ಹೂಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಡ್ಯಾಮ್ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಮೀನಿನ ಟ್ಯಾಂಕಿನ ತಳದಲ್ಲಿ ಕೂರುವುದೂ ಹೂಳೇ. ಆದರೆ ಡ್ಯಾಮಿನ ಹೂಳು ಹೊಳೆ ಹೊತ್ತು ತಂದ ಮಣ್ಣು. ಟ್ಯಾಂಕಿನದು ನಾವೇ ಹಾಕಿ ಉಳಿದ ಕಾಳು, ಮೀನಿನ ಹಿಕ್ಕೆ. ಅದು ಕೊಳೆಯುತ್ತದೆ.

ಕೊಳೆತರೆ ಅಮೋನಿಯಾ ಹುಟ್ಟುತ್ತದೆ. ಮೀನಿನ ಕಿವಿರಿನಿಂದಲೂ ಅದು ನೀರಿಗೆ ಬರುತ್ತಲೇ ಇರುತ್ತದೆ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದರಿಂದ ಮೀನಿಗೆ ಅಷ್ಟು ತೊಂದರೆ ಇಲ್ಲ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದು ಕಡಿಮೆ. ತಳದ ಕಲ್ಲು, ಗಾಜು, ಫಿಲ್ಟರಿನ ಸ್ಪಂಜು, ಇವಕ್ಕೆ ಅಂಟಿಕೊಂಡಿರುತ್ತವೆ. ಹೂಳನ್ನು ತೆಗೆಯಬೇಕು, ತಳವನ್ನು ತಿಕ್ಕಿ ತೊಳೆಯಬಾರದು ಅನ್ನುವುದು ಇದಕ್ಕೇ.

ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ತಪ್ಪು ಮಾಡಿದೆ. ಕಲ್ಲೆಲ್ಲ ಹೊರಗೆ ತೆಗೆದು, ನಲ್ಲಿ ನೀರಲ್ಲಿ ತೊಳೆದು, ಮಾಳಿಗೆ ಮೇಲೆ ಬಿಸಿಲಿಗೆ ಹರವಿದೆ. ಸ್ಪಂಜನ್ನೂ ಹಾಗೇ ತೊಳೆದೆ. ನೀರು ಪೂರ್ತಿ ಬದಲಾಯಿಸಿದೆ. ಟ್ಯಾಂಕು ಫಳಫಳ ಹೊಳೆಯಿತು. ಮೂರನೇ ದಿನ ಅವ್ವ ಕರೆದು, "ನೀರು ತಿಳಿ ಐತಲ್ಲೋ, ಮೀನು ಯಾಕ ಮ್ಯಾಲೆ ಬಂದು ಬಾಯಿ ಬಿಡ್ತೈತಿ?" ಅಂದಳು. ಸಂಜೆಗೆ ಒಂದು ಸತ್ತಿತು. ಅಮೋನಿಯಾಗೆ ಬಣ್ಣ ಇಲ್ಲ. ಅದನ್ನು ತಿನ್ನುವ ಬ್ಯಾಕ್ಟೀರಿಯಾವನ್ನು ನಾನೇ ತೊಳೆದು, ಒಣಗಿಸಿ ಹಾಕಿದ್ದೆ.

ನಮ್ಮ ಕಡೆಯ ಬೇಸಿಗೆ ಅಮೋನಿಯಾದ ಕಾಟವನ್ನು ಇನ್ನೂ ಜಾಸ್ತಿ ಮಾಡುತ್ತದೆ. ಅಮೋನಿಯಾದಲ್ಲಿ ವಿಷದ ಪಾಲು ನೀರಿನ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಮತ್ತು ಬಿಸಿಯನ್ನು ಅವಲಂಬಿಸಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದು ನೂರಕ್ಕೆ ಸುಮಾರು 0.5 ಮಾತ್ರ. ಪಿಎಚ್ 8 ಆದರೆ ಐದು ದಾಟುತ್ತದೆ. ಅದೇ ನೀರು 30 ಡಿಗ್ರಿಗೆ ಬಂದರೆ ಏಳು ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಅದಕ್ಕೇ ಏಪ್ರಿಲ್, ಮೇನಲ್ಲಿ ಹೂಳು ಕೂರಲು ಬಿಡಲೇಬಾರದು.

ಈಗ ಹೂಳು ತೆಗೆಯುವ ಕೆಲಸ. ಅರ್ಧ ಲೀಟರಿನ ನೀರಿನ ಬಾಟಲಿಯ ತಳ ಕತ್ತರಿಸಿ, ಅದರ ಬಾಯಿಗೆ ಬೆರಳು ದಪ್ಪದ ಪೈಪ್ ಬಿಗಿಯಾಗಿ ಸಿಕ್ಕಿಸಿ. ಪೈಪಿನ ಒಳಗಿನ ಅಗಲ 12 ಮಿ.ಮೀ., ಬಾಟಲಿಯದು 60 ಮಿ.ಮೀ. ಅಂತ ಇಟ್ಟುಕೊಳ್ಳಿ. ಅಗಲ ಐದು ಪಟ್ಟು, ಅಂದರೆ ವಿಸ್ತೀರ್ಣ 25 ಪಟ್ಟು ಅಲ್ವಾ? ಹಾಗಾಗಿ ಬಾಟಲಿಯೊಳಗೆ ನೀರಿನ ವೇಗ ಪೈಪಿನ 25ರಲ್ಲಿ ಒಂದು ಪಾಲು. ಬಾಟಲಿಯನ್ನು ಕಲ್ಲಿನೊಳಗೆ ಊರಿ ನೋಡಿ. ಕಲ್ಲುಗಳು ಸ್ವಲ್ಪ ಎದ್ದು, ಹೊರಳಾಡಿ, ಮತ್ತೆ ಕೆಳಗೆ ಬೀಳುತ್ತವೆ. ಅವುಗಳ ನಡುವಿಂದ ಕಂದು ಹೊಗೆಯ ಹಾಗೆ ಹೂಳು ಎದ್ದು ಪೈಪಿನೊಳಗೆ ಹೋಗುತ್ತದೆ. ಪೈಪ್ ಒಂದನ್ನೇ ಹಿಡಿದರೆ ಸಣ್ಣ ಕಲ್ಲೂ ಎಳೆದುಕೊಂಡು ಹೋಗುತ್ತದೆ.

ಬಾಯಿಂದ ಎಳೆಯಬೇಡಿ. ಪೈಪಿನ ತುಂಬ ನೀರು ತುಂಬಿ, ತುದಿಯನ್ನು ಹೆಬ್ಬೆರಳಿಂದ ಮುಚ್ಚಿ ಬಕೆಟ್ಟಿಗೆ ಇಳಿಸಿ ಬಿಡಿ. ಬಕೆಟ್ ಟ್ಯಾಂಕಿನ ನೀರಿಗಿಂತ ಕೆಳಗಿರಬೇಕು. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಟ್ಯಾಂಕಿನಲ್ಲಿ ಹೆಚ್ಚೆಂದರೆ 54 ಲೀಟರ್ ನೀರು. ವಾರಕ್ಕೆ ಒಂದು ಬಕೆಟ್, ಅಂದರೆ ಕಾಲು ಭಾಗ ತೆಗೆದರೆ ಸಾಕು. ಈ ವಾರ ತಳದ ಎಡ ಅರ್ಧ, ಮುಂದಿನ ವಾರ ಬಲ ಅರ್ಧ.

ತಳಕ್ಕೆ ಏನು ಹಾಸಬೇಕು? ಗೋಲ್ಡ್ ಫಿಶ್ ತಳವನ್ನು ಬಾಯಲ್ಲಿ ಎತ್ತಿ, ಜಾಲಾಡಿಸಿ, ಉಗುಳುತ್ತದೆ. ಬಟಾಣಿ ಗಾತ್ರದ ಕಲ್ಲು ಅದರ ಬಾಯಲ್ಲಿ ಸಿಕ್ಕಿಕೊಳ್ಳಬಹುದು. ಚೆನ್ನಾಗಿ ತೊಳೆದ ಸಣ್ಣ ಉಸುಕನ್ನು ಒಂದೆರಡು ಸೆಂ.ಮೀ. ಹಾಸುವುದು ನನಗೆ ಸರಿ ಕಾಣುತ್ತದೆ. ದಪ್ಪ ಹಾಸಿದರೆ ಅಡಿಯಲ್ಲಿ ಗಾಳಿ ಆಡದೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಉಸುಕಿಗೆ ಬಾಟಲಿಯನ್ನು ಊರಬೇಡಿ, ಒಂದು ಬೆರಳು ಮೇಲೆ ಹಿಡಿದು ಆಡಿಸಿ.

ಕಾಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಒಂದೇ ಸಲ ಜಾಸ್ತಿ ಹಾಕಿದರೆ ಅದು ಹೂಳಾಗಿಯೇ ತಳಕ್ಕೆ ಬರುತ್ತದೆ.

ಹೊಸ ನೀರಿನಲ್ಲಿ ಕ್ಲೋರಿನ್ ಇರಬಾರದು. ನಲ್ಲಿ ನೀರು ನಮ್ಮಲ್ಲಿ ದಿನಾ ಬರಲ್ಲ, ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ. ಮುಚ್ಚಳ ತೆಗೆದು, ಬಟ್ಟೆ ಕಟ್ಟಿ ಒಂದು ದಿನ ಬಿಟ್ಟ ನೀರನ್ನು ಹಾಕಿ. ತೆಗೆದ ಕೊಳೆ ನೀರನ್ನು ಆಗಲೇ ಚೆಲ್ಲಬೇಡಿ. ಫಿಲ್ಟರಿನ ಸ್ಪಂಜನ್ನು ಅದರಲ್ಲೇ ಎರಡು ಸಲ ಹಿಂಡಿ. ಬ್ಯಾಕ್ಟೀರಿಯಾ ಉಳಿಯುತ್ತವೆ. ಆಮೇಲೆ ಆ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ.